ಭಾರತದಲ್ಲಿ ಜೈವಿಕ ಇಂಧನ ಉತ್ಪಾದನೆಯ ಪರಿಸರ ಪರಿಣಾಮಗಳು

ಜೈವಿಕ ಇಂಧನ ಎಂದರೆ ಬೆಳೆದ ಸಸ್ಯಗಳಿಂದ ಅಥವಾ ಸಗಣಿ, ಬೆಳೆಯುಳಿಕೆ, ಬಳಸಿದ ಅಡುಗೆ ಎಣ್ಣೆ ಮೊದಲಾದ ಜೈವಿಕ ತ್ಯಾಜ್ಯಗಳಿಂದ ತಯಾರಿಸುವ ಇಂಧನ. ಭಾರತದಲ್ಲಿ ಬಳಕೆಯಲ್ಲಿರುವ ಮುಖ್ಯ ಜೈವಿಕ ಇಂಧನಗಳು ಮೂರು: ಪೆಟ್ರೋಲಿನೊಂದಿಗೆ ಬೆರೆಸುವ ಎಥೆನಾಲ್, ಡೀಸೆಲ್‌ನೊಂದಿಗೆ ಬೆರೆಸುವ ಜೈವಿಕ ಡೀಸೆಲ್ ಮತ್ತು ಅಡುಗೆಗೂ ವಾಹನಗಳಿಗೂ ಒದಗುವ ಜೈವಿಕ ಅನಿಲ. ಇವುಗಳಲ್ಲಿ ಎಥೆನಾಲ್ ಪ್ರಮಾಣದಲ್ಲಿ ಅತಿ ದೊಡ್ಡದು. 2013–14ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥೆನಾಲ್‌ನ ಪಾಲು ಸುಮಾರು ಶೇ 1.5ರಷ್ಟಿತ್ತು, 2025ರಲ್ಲಿ ಅದು ಶೇ 20ನ್ನು ತಲುಪಿತು.

ಕಲ್ಲಿದ್ದಲು ಮತ್ತು ಕಚ್ಚಾತೈಲಗಳಿಗೆ ಹೋಲಿಸಿದರೆ ಜೈವಿಕ ಇಂಧನವು ಪರಿಸರಸ್ನೇಹಿ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ಪರಿಸರಕ್ಕೆ ಅದರಿಂದ ಆಗುವ ಲಾಭನಷ್ಟವು ಇಂಧನದ ಹೆಸರಿನಿಂದ ನಿರ್ಧಾರವಾಗುವುದಿಲ್ಲ. ಅದನ್ನು ಯಾವ ಕಚ್ಚಾವಸ್ತುವಿನಿಂದ, ಎಂತಹ ಭೂಮಿಯಲ್ಲಿ, ಎಷ್ಟು ನೀರು ಮತ್ತು ಗೊಬ್ಬರ ಬಳಸಿ, ಯಾವ ಶಾಖದಿಂದ ತಯಾರಿಸಲಾಯಿತು ಎಂಬುದರ ಮೇಲೆ ಅದು ಅವಲಂಬಿಸಿದೆ. ರಾಸಾಯನಿಕವಾಗಿ ಒಂದೇ ಆಗಿರುವ ಎರಡು ಲೀಟರ್ ಎಥೆನಾಲ್‌ಗಳಲ್ಲಿ ಒಂದು ಪರಿಸರಕ್ಕೆ ಸ್ಪಷ್ಟವಾಗಿ ಹಿತಕರವೂ ಇನ್ನೊಂದು ಹಾನಿಕರವೂ ಆಗಿರಬಹುದು.

ಹಿನ್ನೆಲೆ

ಸಸ್ಯಜನ್ಯ ಇಂಧನದಿಂದ ಎಂಜಿನ್ ಓಡಿಸುವ ಪ್ರಯತ್ನ ಎಂಜಿನ್‌ನಷ್ಟೇ ಹಳೆಯದು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿಕ್ಕದೊಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಗಿತ್ತು. ಭಾರತದಲ್ಲಿ ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ತಯಾರಾಗುವ ಮದ್ಯಸಾರವನ್ನು ಇಂಧನವಾಗಿ ಬಳಸುವ ಉದ್ದೇಶದಿಂದ 1948ರಲ್ಲಿಯೇ ‘ಇಂಡಿಯನ್ ಪವರ್ ಆಲ್ಕೋಹಾಲ್ ಕಾಯ್ದೆ’ಯನ್ನು ಜಾರಿಗೆ ತರಲಾಯಿತು. ಅಗ್ಗದ ಪೆಟ್ರೋಲ್ ದೊರೆಯುತ್ತಿದ್ದ ಕಾಲದಲ್ಲಿ ಈ ಕಾಯ್ದೆ ಹೆಚ್ಚು ಬಳಕೆಗೆ ಬರಲಿಲ್ಲ. 2000ದಲ್ಲಿ ಅದನ್ನು ರದ್ದುಪಡಿಸಲಾಯಿತು.

ಈಗಿನ ಎಥೆನಾಲ್ ಮಿಶ್ರಣ ಕಾರ್ಯಕ್ರಮವು 2001ರ ಪ್ರಾಯೋಗಿಕ ಯೋಜನೆಗಳ ಬಳಿಕ 2003ರ ಜನವರಿಯಲ್ಲಿ ಒಂಬತ್ತು ರಾಜ್ಯಗಳು ಮತ್ತು ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶೇ 5ರ ಮಿಶ್ರಣದೊಂದಿಗೆ ಆರಂಭವಾಯಿತು. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2009 ಮತ್ತು 2018ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಜೈವಿಕ ಇಂಧನ ನೀತಿಗಳನ್ನು ಪ್ರಕಟಿಸಿತು. ಶೇ 20ರ ಮಿಶ್ರಣವನ್ನು 2030ರೊಳಗೆ ಸಾಧಿಸಬೇಕೆಂಬ ಗುರಿಯನ್ನು 2022ರ ತಿದ್ದುಪಡಿಯಲ್ಲಿ 2025–26ಕ್ಕೆ ಹಿಂದಕ್ಕೆ ತರಲಾಯಿತು. 2022ರ ಜೂನ್‌ನಲ್ಲಿ ಮಿಶ್ರಣವು ಶೇ 10ನ್ನು ಮುಟ್ಟಿತು. ತೈಲ ಆಮದನ್ನು ತಗ್ಗಿಸುವುದು, ಕಬ್ಬು ಮತ್ತು ಧಾನ್ಯ ಬೆಳೆಗಾರರಿಗೆ ಮಾರುಕಟ್ಟೆ ಒದಗಿಸುವುದು ಹಾಗೂ ಇಂಗಾಲದ ಹೊರಸೂಸುವಿಕೆಯನ್ನು ಕಡಿಮೆ ಮಾಡುವುದು ಈ ಕಾರ್ಯಕ್ರಮದ ಘೋಷಿತ ಉದ್ದೇಶಗಳು.

ಕಚ್ಚಾವಸ್ತುಗಳು ಮತ್ತು ತಯಾರಿಕೆ

ಸಕ್ಕರೆಯ ಅಂಶವಿರುವ ದ್ರವಕ್ಕೆ ಯೀಸ್ಟ್ ಸೇರಿಸಿ ಹುದುಗಿಸಿದಾಗ ಸಕ್ಕರೆಯು ಎಥೆನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಹುದುಗಿದ ದ್ರವವನ್ನು ಬಟ್ಟಿ ಇಳಿಸಿ, ಉಳಿದ ನೀರಿನಂಶವನ್ನೂ ತೆಗೆದಾಗ ಪೆಟ್ರೋಲಿಗೆ ಬೆರೆಸಬಹುದಾದ ನಿರ್ಜಲ ಎಥೆನಾಲ್ ದೊರೆಯುತ್ತದೆ. ಅಕ್ಕಿ, ಮೆಕ್ಕೆಜೋಳದಂತಹ ಧಾನ್ಯಗಳಲ್ಲಿ ಪಿಷ್ಟವನ್ನು ಮೊದಲು ಕಿಣ್ವಗಳಿಂದ ಸಕ್ಕರೆಯಾಗಿ ಪರಿವರ್ತಿಸಬೇಕಾಗುತ್ತದೆ.

ಕಬ್ಬಿನಿಂದ ಎಥೆನಾಲ್ ತಯಾರಿಸಲು ಮೂರು ದಾರಿಗಳಿವೆ. ಮೊದಲನೆಯದು, ಸಕ್ಕರೆಯನ್ನು ಪೂರ್ತಿಯಾಗಿ ತೆಗೆದ ಮೇಲೆ ಉಳಿಯುವ ‘ಸಿ-ಹೆವಿ’ ಕಾಕಂಬಿಯನ್ನು ಬಳಸುವುದು. ಎರಡನೆಯದು, ಸ್ವಲ್ಪ ಸಕ್ಕರೆಯನ್ನು ಉಳಿಸಿಕೊಂಡ ‘ಬಿ-ಹೆವಿ’ ಕಾಕಂಬಿಯನ್ನು ಬಳಸುವುದು. ಮೂರನೆಯದು, ಸಕ್ಕರೆಯನ್ನೇ ತಯಾರಿಸದೆ ಕಬ್ಬಿನ ಹಾಲನ್ನು ನೇರವಾಗಿ ಹುದುಗಿಸುವುದು. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿ.ಗ್ರಾಂ ಸಕ್ಕರೆಯನ್ನೂ ಅದರ ಜೊತೆಗೆ ಸಿ-ಹೆವಿ ಕಾಕಂಬಿಯಿಂದ ಸುಮಾರು 10 ಲೀಟರ್ ಎಥೆನಾಲನ್ನೂ ಪಡೆಯಬಹುದು. ಸಕ್ಕರೆಯನ್ನು ಬಿಟ್ಟುಕೊಟ್ಟರೆ ಅದೇ ಕಬ್ಬು ಸುಮಾರು 70 ಲೀಟರ್ ಎಥೆನಾಲ್ ಕೊಡುತ್ತದೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್, ಅಕ್ಕಿಯಿಂದ ಸುಮಾರು 450 ಲೀಟರ್ ಎಥೆನಾಲ್ ದೊರೆಯುತ್ತದೆ.

ಪರಿಸರದ ದೃಷ್ಟಿಯಿಂದ ಈ ದಾರಿಗಳ ನಡುವಿನ ವ್ಯತ್ಯಾಸ ಮುಖ್ಯವಾದುದು. ಸಿ-ಹೆವಿ ಕಾಕಂಬಿ ಸಕ್ಕರೆ ತಯಾರಿಕೆಯ ಉಳಿಕೆ. ಅದಕ್ಕಾಗಿ ಯಾರೂ ಪ್ರತ್ಯೇಕವಾಗಿ ಕಬ್ಬು ಬೆಳೆಯುವುದಿಲ್ಲ. ಕಬ್ಬಿನ ಹಾಲು, ಅಕ್ಕಿ ಮತ್ತು ಮೆಕ್ಕೆಜೋಳಗಳನ್ನು ಬಳಸಿದಾಗ ಗದ್ದೆ, ನೀರು, ಗೊಬ್ಬರಗಳೆಲ್ಲವೂ ಇಂಧನದ ಲೆಕ್ಕಕ್ಕೆ ಸೇರುತ್ತವೆ.

ಜೈವಿಕ ಡೀಸೆಲ್ ತಯಾರಿಸಲು ಸಸ್ಯದ ಎಣ್ಣೆಯನ್ನಾಗಲಿ ಪ್ರಾಣಿಗಳ ಕೊಬ್ಬನ್ನಾಗಲಿ ಮೆಥನಾಲ್‌ನೊಂದಿಗೆ ಸೇರಿಸಿ ರಾಸಾಯನಿಕ ಕ್ರಿಯೆಗೆ ಒಳಪಡಿಸುತ್ತಾರೆ. ಸಗಣಿ ಮತ್ತು ಹಸಿಕಸವನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದಾಗ ಮೀಥೇನ್ ಹೆಚ್ಚಾಗಿರುವ ಜೈವಿಕ ಅನಿಲ ಉತ್ಪತ್ತಿಯಾಗುತ್ತದೆ.

ಜೀವನಚಕ್ರದ ಲೆಕ್ಕ

ಸಸ್ಯವು ಬೆಳೆಯುವಾಗ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಅದರಿಂದ ತಯಾರಿಸಿದ ಇಂಧನ ಉರಿದಾಗ ಅದೇ ಇಂಗಾಲ ಗಾಳಿಗೆ ಮರಳುತ್ತದೆ. ಪೆಟ್ರೋಲ್ ಉರಿದಾಗ ಕೋಟ್ಯಂತರ ವರ್ಷಗಳಿಂದ ಭೂಗರ್ಭದಲ್ಲಿದ್ದ ಇಂಗಾಲ ಹೊಸದಾಗಿ ಗಾಳಿಗೆ ಸೇರುತ್ತದೆ. ಜೈವಿಕ ಇಂಧನದ ಪರವಾದ ಮೂಲ ವಾದ ಇದೇ ಆಗಿದೆ.

ಆದರೆ ಬೆಳೆಯನ್ನು ಬೆಳೆಸಲು ಉಳುಮೆಯ ಡೀಸೆಲ್, ಪಂಪ್‌ಸೆಟ್ಟಿನ ವಿದ್ಯುತ್, ರಸಗೊಬ್ಬರ, ಸಾಗಣೆ ಮತ್ತು ಬಟ್ಟಿ ಇಳಿಸಲು ಬೇಕಾದ ಶಾಖ ಇವೆಲ್ಲವೂ ಬೇಕು. ಇವುಗಳಲ್ಲಿ ಹೆಚ್ಚಿನವು ಪಳೆಯುಳಿಕೆ ಇಂಧನದಿಂದಲೇ ಬರುತ್ತವೆ. ಹೊಲದಿಂದ ಹಿಡಿದು ವಾಹನದ ಹೊಗೆಕೊಳವೆಯವರೆಗಿನ ಎಲ್ಲ ಹಂತಗಳ ಹೊರಸೂಸುವಿಕೆಯನ್ನು ಕೂಡಿಸಿ, ಅಷ್ಟೇ ಶಕ್ತಿ ಕೊಡುವ ಪೆಟ್ರೋಲಿನೊಂದಿಗೆ ಹೋಲಿಸುವ ಕ್ರಮಕ್ಕೆ ಜೀವನಚಕ್ರ ವಿಶ್ಲೇಷಣೆ ಎಂದು ಹೆಸರು.

‘ಅಷ್ಟೇ ಶಕ್ತಿ’ ಎಂಬ ಮಾತು ಗಮನಾರ್ಹ. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಸುಮಾರು 21 ಮೆಗಾಜೂಲ್. ಪೆಟ್ರೋಲಿನಲ್ಲಿ ಅದು ಸುಮಾರು 32 ಮೆಗಾಜೂಲ್. ಎಂದರೆ ಎಥೆನಾಲ್‌ನ ಶಕ್ತಿ ಮೂರನೆಯ ಒಂದು ಭಾಗದಷ್ಟು ಕಡಿಮೆ. ಆದ್ದರಿಂದ ಗಾತ್ರದಲ್ಲಿ ಶೇ 20ರಷ್ಟು ಎಥೆನಾಲ್ ಇರುವ ಇಂಧನದಲ್ಲಿ, ಶಕ್ತಿಯ ಲೆಕ್ಕದಲ್ಲಿ ಎಥೆನಾಲ್‌ನ ಪಾಲು ಸುಮಾರು ಶೇ 14 ಮಾತ್ರ. ನೀತಿ ಆಯೋಗದ 2021ರ ಮಾರ್ಗಸೂಚಿ ವರದಿಯ ಅಂದಾಜಿನಂತೆ, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 20ರ ಮಿಶ್ರಣ ಬಳಸಿದರೆ ಮೈಲೇಜ್ ಶೇ 6–7ರಷ್ಟು, ಅದೇ ಬಗೆಯ ದ್ವಿಚಕ್ರ ವಾಹನಗಳಲ್ಲಿ ಶೇ 3–4ರಷ್ಟು ತಗ್ಗಬಹುದು. ಎಂಜಿನ್ನನ್ನು ಹೊಸ ಮಿಶ್ರಣಕ್ಕೆ ತಕ್ಕಂತೆ ಹೊಂದಿಸಿದರೆ ಈ ನಷ್ಟ ಕಡಿಮೆಯಾಗುತ್ತದೆ.

ಪರಿಸರಕ್ಕೆ ಆಗುವ ಪ್ರಯೋಜನಗಳು

ಹಸಿರುಮನೆ ಅನಿಲಗಳ ಇಳಿಕೆ

ಪೆಟ್ರೋಲಿಗೆ ಹೋಲಿಸಿದರೆ ಕಬ್ಬಿನ ಎಥೆನಾಲ್‌ನಿಂದ ಜೀವನಚಕ್ರದ ಹಸಿರುಮನೆ ಅನಿಲಗಳು ಶೇ 65ರಷ್ಟು, ಮೆಕ್ಕೆಜೋಳದ ಎಥೆನಾಲ್‌ನಿಂದ ಶೇ 50ರಷ್ಟು ಕಡಿಮೆಯಾಗುತ್ತವೆ ಎಂಬುದು ನೀತಿ ಆಯೋಗದ ಅಧ್ಯಯನವನ್ನು ಆಧರಿಸಿ ಕೇಂದ್ರ ಸರ್ಕಾರ ನೀಡಿರುವ ಅಂಕಿ. ಕಬ್ಬು ಮುಂದಿರಲು ಒಂದು ಸರಳ ಕಾರಣವಿದೆ. ಕಬ್ಬು ಅರೆದಾಗ ಉಳಿಯುವ ಸಿಪ್ಪೆಯನ್ನೇ ಕಾರ್ಖಾನೆಯ ಬಾಯ್ಲರ್‌ನಲ್ಲಿ ಉರಿಸಿ ಶಾಖವನ್ನೂ ವಿದ್ಯುತ್ತನ್ನೂ ಪಡೆಯಬಹುದು. ಹೊರಗಿನ ಇಂಧನ ಅಷ್ಟಾಗಿ ಬೇಕಾಗುವುದಿಲ್ಲ. ಧಾನ್ಯದ ಡಿಸ್ಟಿಲರಿಗೆ ಈ ಅನುಕೂಲವಿಲ್ಲ. ಅಲ್ಲಿ ಬಾಯ್ಲರ್‌ಗೆ ಭತ್ತದ ಹೊಟ್ಟನ್ನು ಬಳಸುತ್ತಾರೆಯೇ ಕಲ್ಲಿದ್ದಲನ್ನು ಬಳಸುತ್ತಾರೆಯೇ ಎಂಬುದರ ಮೇಲೆ ಫಲಿತಾಂಶ ಬಹಳ ಬದಲಾಗುತ್ತದೆ.

ವಾಹನದ ಹೊಗೆಯ ಗುಣಮಟ್ಟ

ಎಥೆನಾಲ್ ಅಣುವಿನಲ್ಲಿ ಆಮ್ಲಜನಕ ಇರುವುದರಿಂದ ಇಂಧನ ಹೆಚ್ಚು ಪೂರ್ಣವಾಗಿ ಉರಿಯುತ್ತದೆ. ನೀತಿ ಆಯೋಗದ ವರದಿಯ ಪ್ರಕಾರ ಶೇ 20ರ ಮಿಶ್ರಣದಿಂದ ಇಂಗಾಲದ ಮೊನಾಕ್ಸೈಡ್ ದ್ವಿಚಕ್ರ ವಾಹನಗಳಲ್ಲಿ ಸುಮಾರು ಶೇ 50ರಷ್ಟು, ಕಾರುಗಳಲ್ಲಿ ಸುಮಾರು ಶೇ 30ರಷ್ಟು ಕಡಿಮೆಯಾಗಿದೆ. ಉರಿಯದೆ ಉಳಿಯುವ ಹೈಡ್ರೋಕಾರ್ಬನ್‌ಗಳು ಸುಮಾರು ಶೇ 20ರಷ್ಟು ಇಳಿದಿವೆ. ಸಾರಜನಕದ ಆಕ್ಸೈಡ್‌ಗಳಲ್ಲಿ ಸ್ಪಷ್ಟವಾದ ಬದಲಾವಣೆ ಕಂಡುಬಂದಿಲ್ಲ. ಅಸಿಟಾಲ್ಡಿಹೈಡ್‌ನಂತಹ ಕಾರ್ಬೊನಿಲ್ ಸಂಯುಕ್ತಗಳು ಮಾತ್ರ ಹೆಚ್ಚಾಗಿವೆ.

ಎಥೆನಾಲ್‌ನ ಆಕ್ಟೇನ್ ಸಂಖ್ಯೆ ಹೆಚ್ಚಾಗಿರುವುದು ಇನ್ನೊಂದು ಪ್ರಯೋಜನ. ಆಕ್ಟೇನ್ ಹೆಚ್ಚಿಸಲು ಹಿಂದೆ ಪೆಟ್ರೋಲಿಗೆ ಸೀಸದ ಸಂಯುಕ್ತಗಳನ್ನು ಸೇರಿಸಲಾಗುತ್ತಿತ್ತು. ಅಮೆರಿಕದಲ್ಲಿ ಸೀಸವನ್ನು ಕೈಬಿಟ್ಟ ನಂತರ ಬಳಸಿದ ಎಂಟಿಬಿಇ ಎಂಬ ರಾಸಾಯನಿಕವು ಹಲವೆಡೆ ಅಂತರ್ಜಲವನ್ನು ಕೆಡಿಸಿತು. ಎಥೆನಾಲ್ ಈ ಕೆಲಸವನ್ನು ಅಂತಹ ವಿಷವಿಲ್ಲದೆ ಮಾಡುತ್ತದೆ.

ತ್ಯಾಜ್ಯದ ಸದ್ಬಳಕೆ

ತ್ಯಾಜ್ಯವನ್ನೇ ಇಂಧನವಾಗಿಸಿದಾಗ ಪ್ರಯೋಜನ ಎರಡು ಪಟ್ಟು. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಇಂಡಿಯನ್ ಆಯಿಲ್ ಸಂಸ್ಥೆಯ ಘಟಕವು ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್ ತಯಾರಿಸುವ ಸಾಮರ್ಥ್ಯಕ್ಕೆ ವಿನ್ಯಾಸಗೊಂಡಿದೆ. ಪಂಜಾಬ್ ಮತ್ತು ಹರಿಯಾಣಗಳಲ್ಲಿ ಕೊಯ್ಲಿನ ನಂತರ ಗದ್ದೆಯಲ್ಲೇ ಸುಡುವ ಹುಲ್ಲು ಉತ್ತರ ಭಾರತದ ಚಳಿಗಾಲದ ವಾಯುಮಾಲಿನ್ಯಕ್ಕೆ ಒಂದು ಕಾರಣವಾಗಿದೆ. ಇಂತಹ ಇಂಧನವನ್ನು ಎರಡನೆಯ ತಲೆಮಾರಿನ ಎಥೆನಾಲ್ ಎನ್ನುತ್ತಾರೆ. ಅಸ್ಸಾಮಿನ ನುಮಾಲಿಗಢದಲ್ಲಿ ಬಿದಿರಿನಿಂದ ಎಥೆನಾಲ್ ತಯಾರಿಸುವ ಘಟಕ 2025ರಲ್ಲಿ ಉದ್ಘಾಟನೆಯಾಯಿತು. ಹುಲ್ಲು ಮತ್ತು ಬಿದಿರಿನ ಸೆಲ್ಯುಲೋಸನ್ನು ಬಿಡಿಸಿ ಸಕ್ಕರೆಯಾಗಿಸುವುದು ಪಿಷ್ಟಕ್ಕಿಂತ ಕಷ್ಟವೂ ದುಬಾರಿಯೂ ಆದ ಕೆಲಸ. ಹಗುರವಾಗಿದ್ದು ಹೆಚ್ಚು ಜಾಗ ಹಿಡಿಯುವ ಹುಲ್ಲನ್ನು ಕೆಲವೇ ವಾರಗಳ ಅವಧಿಯಲ್ಲಿ ಸಂಗ್ರಹಿಸಿ ವರ್ಷವಿಡೀ ಕಾಪಿಡುವುದೂ ಸುಲಭವಲ್ಲ.

ಪದೇ ಪದೇ ಕರಿದ ಎಣ್ಣೆ ಮತ್ತೆ ಆಹಾರಕ್ಕೆ ಸೇರದಂತೆ ತಡೆದು ಅದನ್ನು ಜೈವಿಕ ಡೀಸೆಲ್ ತಯಾರಿಕೆಗೆ ಒದಗಿಸುವ ಕಾರ್ಯಕ್ರಮವನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ಆರಂಭಿಸಿತು. ಇದರಿಂದ ಹೊಸ ಭೂಮಿಯಾಗಲಿ ನೀರಾಗಲಿ ಖರ್ಚಾಗುವುದಿಲ್ಲ.

ಸಗಣಿಯ ಜೈವಿಕ ಅನಿಲವೂ ಈ ಗುಂಪಿಗೆ ಸೇರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಶಿರಸಿ ಭಾಗದಲ್ಲಿ ಮನೆಬಳಕೆಯ ಗೋಬರ್ ಗ್ಯಾಸ್ ಘಟಕಗಳು ಯಶಸ್ವಿಯಾಗಿ ಹರಡಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಸೌದೆ ಒಲೆಯ ಹೊಗೆ ತಪ್ಪುವುದು, ಕಾಡಿನ ಸೌದೆಯ ಮೇಲಿನ ಒತ್ತಡ ಇಳಿಯುವುದು, ಬಗ್ಗಡವು ತೋಟಕ್ಕೆ ಗೊಬ್ಬರವಾಗಿ ಮರಳುವುದು ಇದರ ಅನುಕೂಲಗಳು. ಆದರೆ ಮೀಥೇನ್ 100 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27–30 ಪಟ್ಟು ಪ್ರಬಲವಾದ ಹಸಿರುಮನೆ ಅನಿಲವಾಗಿರುವುದರಿಂದ, ತೊಟ್ಟಿ ಅಥವಾ ಕೊಳವೆ ಸೋರಿದರೆ ಲಾಭದ ಒಂದು ಪಾಲು ನಷ್ಟವಾಗುತ್ತದೆ.

ಪರಿಸರ ವೆಚ್ಚಗಳು

ನೀರು

ಭಾರತದ ಮಟ್ಟಿಗೆ ಜೈವಿಕ ಇಂಧನದ ಅತಿ ದೊಡ್ಡ ಪರಿಸರ ವೆಚ್ಚ ನೀರು. ಕಬ್ಬು ಹನ್ನೆರಡರಿಂದ ಹದಿನೆಂಟು ತಿಂಗಳು ಹೊಲದಲ್ಲಿರುವ ಬೆಳೆ. ನೀತಿ ಆಯೋಗದ 2021ರ ವರದಿಯೇ ಹೇಳುವಂತೆ, ಕಬ್ಬು ಮತ್ತು ಭತ್ತ ಈ ಎರಡೇ ಬೆಳೆಗಳು ದೇಶದ ನೀರಾವರಿ ನೀರಿನ ಶೇ 70ರಷ್ಟನ್ನು ಬಳಸುತ್ತವೆ, ಒಂದು ಕಿ.ಗ್ರಾಂ ಸಕ್ಕರೆಗೆ ಬೇಕಾಗುವ ಕಬ್ಬನ್ನು ಬೆಳೆಯಲು 1,600ರಿಂದ 2,000 ಲೀಟರ್ ನೀರು ಬೇಕು. ಕಬ್ಬಿನಿಂದ ತಯಾರಿಸಿದ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು. ಈ ಲೆಕ್ಕದಂತೆ ಐದು ಲೀಟರ್ ಹಿಡಿಯುವ ಸ್ಕೂಟರ್ ಟ್ಯಾಂಕಿಗೆ ಶೇ 20ರ ಮಿಶ್ರಣ ತುಂಬಿಸಿದಾಗ, ಅದರಲ್ಲಿರುವ ಒಂದು ಲೀಟರ್ ಎಥೆನಾಲ್ ಕಬ್ಬಿನ ಹಾಲಿನದ್ದಾಗಿದ್ದರೆ, ಅದರ ಹಿಂದೆ ಸುಮಾರು ಮೂರು ಸಾವಿರ ಲೀಟರ್ ನೀರಿನ ವೆಚ್ಚವಿರುತ್ತದೆ.

ಈ ನೀರು ಎಲ್ಲಿಂದ ಬಂತು ಎಂಬುದೂ ಮುಖ್ಯ. ಬ್ರೆಜಿಲ್‌ನ ಕಬ್ಬಿನ ಮುಖ್ಯ ಪ್ರದೇಶವಾದ ಸಾವೊ ಪಾವ್ಲೊ ರಾಜ್ಯದಲ್ಲಿ ಬೆಳೆಯ ಹೆಚ್ಚಿನ ಭಾಗ ಮಳೆಯನ್ನು ಆಶ್ರಯಿಸಿದೆ. ಮಹಾರಾಷ್ಟ್ರದ ಮರಾಠವಾಡಾ ಮತ್ತು ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಕಬ್ಬು ಕಾಲುವೆ ಮತ್ತು ಕೊಳವೆಬಾವಿಗಳ ನೀರನ್ನು ನಂಬಿಕೊಂಡಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕಬ್ಬು ಕೃಷ್ಣಾ ಕಣಿವೆಯ ನೀರನ್ನೂ ಮಂಡ್ಯದ ಕಬ್ಬು ಕಾವೇರಿ ನೀರನ್ನೂ ಅವಲಂಬಿಸಿವೆ. ಎರಡೂ ನದಿಗಳ ನೀರು ರಾಜ್ಯ ರಾಜ್ಯಗಳ ನಡುವೆ ಹಂಚಿಕೆಯ ವಿವಾದಕ್ಕೆ ಒಳಗಾಗಿದೆ. ಹನಿ ನೀರಾವರಿಯಿಂದ ಕಬ್ಬಿನ ನೀರಿನ ಬಳಕೆಯನ್ನು ಗಣನೀಯವಾಗಿ ತಗ್ಗಿಸಬಹುದು. ಆದರೆ ಖಚಿತ ಮಾರುಕಟ್ಟೆಯಿಂದಾಗಿ ಕಬ್ಬಿನ ಕ್ಷೇತ್ರವೇ ಹೆಚ್ಚಿದರೆ ಉಳಿಸಿದ ನೀರು ಹೊಸ ಹೊಲಗಳಿಗೆ ಹರಿದುಹೋಗುತ್ತದೆ.

ಭೂಮಿ ಮತ್ತು ಇಂಗಾಲದ ಸಾಲ

ಕಡಿಮೆ ನೀರಿನಲ್ಲಿ ಬೆಳೆಯುವ ಮೆಕ್ಕೆಜೋಳಕ್ಕೆ ಬದಲಾದರೆ ನೀರು ಉಳಿಯುತ್ತದೆ, ಆದರೆ ಹೆಚ್ಚು ಭೂಮಿ ಬೇಕಾಗುತ್ತದೆ. ಹೆಕ್ಟೇರಿಗೆ 80 ಟನ್ ಇಳುವರಿ ಕೊಡುವ ಕಬ್ಬಿನ ಹಾಲಿನಿಂದ ಸುಮಾರು 5,600 ಲೀಟರ್ ಎಥೆನಾಲ್ ಪಡೆಯಬಹುದು, ಹೆಕ್ಟೇರಿಗೆ 3.5 ಟನ್ ಕೊಡುವ ಮೆಕ್ಕೆಜೋಳದಿಂದ ದೊರೆಯುವುದು ಸುಮಾರು 1,330 ಲೀಟರ್. ಅಷ್ಟೇ ಇಂಧನಕ್ಕೆ ನಾಲ್ಕು ಪಟ್ಟು ಜಮೀನು ಬೇಕು ಎಂದಾಯಿತು. ಆದರೆ ಮೆಕ್ಕೆಜೋಳ ನಾಲ್ಕು ತಿಂಗಳ ಬೆಳೆಯಾದ್ದರಿಂದ ಅದೇ ಜಮೀನಿನಲ್ಲಿ ಇನ್ನೊಂದು ಬೆಳೆ ತೆಗೆಯುವ ಅವಕಾಶವಿದೆ.

ಇಂಧನಕ್ಕಾಗಿ ಕಾಡು ಅಥವಾ ಹುಲ್ಲುಗಾವಲನ್ನು ಹೊಲವಾಗಿಸಿದರೆ ಮರ ಮತ್ತು ಮಣ್ಣಿನಲ್ಲಿ ಶೇಖರವಾಗಿದ್ದ ಇಂಗಾಲ ಒಮ್ಮೆಲೇ ಗಾಳಿಗೆ ಸೇರುತ್ತದೆ. ಇಂಧನದಿಂದ ವರ್ಷ ವರ್ಷ ಆಗುವ ಉಳಿತಾಯದಿಂದ ಈ ‘ಇಂಗಾಲದ ಸಾಲ’ವನ್ನು ತೀರಿಸಬೇಕಾಗುತ್ತದೆ. ಜೋಸೆಫ್ ಫಾರ್ಜಿಯೋನ್ ಮತ್ತು ಸಂಗಡಿಗರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬ್ರೆಜಿಲ್‌ನ ಸೆರಾಡೊ ಪ್ರದೇಶವನ್ನು ಕಬ್ಬಿನ ಹೊಲವಾಗಿಸಿದರೆ ಸಾಲ ತೀರಲು ಸುಮಾರು 17 ವರ್ಷ ಬೇಕು. ಇಂಡೋನೇಷ್ಯಾ ಮತ್ತು ಮಲೇಷ್ಯಾಗಳ ಜೌಗುಮಣ್ಣಿನ ಮಳೆಕಾಡನ್ನು ಕಡಿದು ತಾಳೆ ಬೆಳೆದು ಜೈವಿಕ ಡೀಸೆಲ್ ಮಾಡಿದರೆ 400 ವರ್ಷಗಳಿಗೂ ಹೆಚ್ಚು ಕಾಲ ಬೇಕು.

ಕಾಡನ್ನು ನೇರವಾಗಿ ಕಡಿಯದಿದ್ದರೂ ಪರಿಣಾಮ ತಪ್ಪುವುದಿಲ್ಲ ಎಂಬುದು ಅದೇ ವರ್ಷ ತಿಮತಿ ಸರ್ಚಿಂಜರ್ ಮತ್ತು ಸಂಗಡಿಗರು ಮುಂದಿಟ್ಟ ವಾದ. ಒಂದು ಕಡೆ ಆಹಾರಧಾನ್ಯ ಇಂಧನಕ್ಕೆ ಹೋದರೆ ಬೆಲೆ ಏರುತ್ತದೆ. ಆ ಕೊರತೆಯನ್ನು ತುಂಬಲು ಇನ್ನೆಲ್ಲೋ ಕಾಡು ಹೊಲವಾಗುತ್ತದೆ. ಇದನ್ನು ಪರೋಕ್ಷ ಭೂಬಳಕೆ ಬದಲಾವಣೆ ಎನ್ನುತ್ತಾರೆ. ಭಾರತದಲ್ಲಿ ಹೊಸ ಕೃಷಿಭೂಮಿಗೆ ಅವಕಾಶ ಕಡಿಮೆ. ಆದ್ದರಿಂದ ಇಲ್ಲಿ ಇಂಧನದ ಬೆಳೆಯು ಕಾಡಿಗಿಂತ ಹೆಚ್ಚಾಗಿ ಎಣ್ಣೆಕಾಳು, ಬೇಳೆಕಾಳು ಮತ್ತು ಸಿರಿಧಾನ್ಯಗಳ ಜಾಗವನ್ನು ಆಕ್ರಮಿಸುವ ಸಾಧ್ಯತೆಯಿದೆ. ಅಡುಗೆ ಎಣ್ಣೆಯ ದೊಡ್ಡ ಪಾಲನ್ನು ಭಾರತ ಆಮದು ಮಾಡಿಕೊಳ್ಳುತ್ತದೆ. ಅದರಲ್ಲಿ ತಾಳೆ ಎಣ್ಣೆಯೇ ಮುಖ್ಯ. ಹೀಗಾಗಿ ಇಲ್ಲಿನ ಬೆಳೆ ಬದಲಾವಣೆಯ ಪರಿಣಾಮ ದೂರದ ಮಳೆಕಾಡನ್ನು ತಲುಪಬಲ್ಲದು.

ಒಂದು ಹೆಕ್ಟೇರ್ ಕಬ್ಬಿನಿಂದ ವರ್ಷಕ್ಕೆ ದೊರೆಯುವ ಎಥೆನಾಲ್‌ನ ಶಕ್ತಿಯನ್ನು ವಿದ್ಯುತ್ತಿನ ಮಾನದಲ್ಲಿ ಹೇಳಿದರೆ ಅದು ಸುಮಾರು 32,000 ಯೂನಿಟ್. ಅಷ್ಟೇ ಜಾಗದ ಸೌರಫಲಕಗಳು ಭಾರತದ ಬಿಸಿಲಿನಲ್ಲಿ ವರ್ಷಕ್ಕೆ 7ರಿಂದ 8 ಲಕ್ಷ ಯೂನಿಟ್ ವಿದ್ಯುತ್ ಕೊಡಬಲ್ಲವು. ಅವುಗಳಿಗೆ ಫಲವತ್ತಾದ ನೆಲವೂ ಬೇಕಿಲ್ಲ. ಆದರೂ ಈಗಾಗಲೇ ರಸ್ತೆಯಲ್ಲಿರುವ ವಾಹನಗಳಿಗೆ ದ್ರವ ಇಂಧನ ಬೇಕೇ ಬೇಕು. ಬ್ಯಾಟರಿಯಿಂದ ನಡೆಸಲು ಕಷ್ಟವಾದ ವಿಮಾನಯಾನದಂತಹ ಕ್ಷೇತ್ರಗಳಿಗೂ ಜೈವಿಕ ಇಂಧನ ಅಗತ್ಯವಾಗಬಹುದು.

ರಸಗೊಬ್ಬರ

ಹೊಲಕ್ಕೆ ಹಾಕಿದ ಯೂರಿಯಾದ ಸಾರಜನಕವೆಲ್ಲವೂ ಬೆಳೆಗೆ ಸೇರುವುದಿಲ್ಲ. ಒಂದು ಭಾಗ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಸಣ್ಣದೊಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನೈಟ್ರಸ್ ಆಕ್ಸೈಡ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಪ್ರಬಲವಾದ ಹಸಿರುಮನೆ ಅನಿಲ. ನೊಬೆಲ್ ಪುರಸ್ಕೃತ ರಸಾಯನಶಾಸ್ತ್ರಜ್ಞ ಪಾಲ್ ಕ್ರುಟ್ಜೆನ್ ಮತ್ತು ಸಂಗಡಿಗರು 2008ರಲ್ಲಿ, ಹೊಸದಾಗಿ ಬಳಕೆಗೆ ಬರುವ ಸಾರಜನಕದ ಶೇ 3–5ರಷ್ಟು ಕೊನೆಗೆ ಈ ಅನಿಲವಾಗುತ್ತದೆ ಎಂದು ಅಂದಾಜಿಸಿದರು. ಅದರಂತೆ, ಗೊಬ್ಬರವನ್ನು ಹೆಚ್ಚಾಗಿ ಬೇಡುವ ಕೆಲವು ಬೆಳೆಗಳ ಇಂಧನವು ತಾಪಮಾನವನ್ನು ಇಳಿಸುವ ಬದಲು ಏರಿಸಬಹುದು ಎಂದು ಅವರು ಎಚ್ಚರಿಸಿದರು.

ಡಿಸ್ಟಿಲರಿಯ ತ್ಯಾಜ್ಯ

ಕಾಕಂಬಿಯಿಂದ ಒಂದು ಲೀಟರ್ ಎಥೆನಾಲ್ ತಯಾರಿಸಿದಾಗ ಸಾಮಾನ್ಯವಾಗಿ 8ರಿಂದ 15 ಲೀಟರ್ ‘ಸ್ಪೆಂಟ್ ವಾಶ್’ ಎಂಬ ಕಂದುಬಣ್ಣದ, ಆಮ್ಲೀಯ ದ್ರವ ಉಳಿಯುತ್ತದೆ. ಜೈವಿಕ ಅಂಶ ಬಹಳ ಹೆಚ್ಚಾಗಿರುವ ಈ ದ್ರವ ಹಳ್ಳಕ್ಕೋ ನದಿಗೋ ಸೇರಿದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ತೀರಿಹೋಗಿ ಮೀನುಗಳು ಸಾಯುತ್ತವೆ. ಮಣ್ಣಿಗೆ ಇಂಗಿದರೆ ಬಾವಿಗಳ ನೀರಿನ ಬಣ್ಣವೂ ರುಚಿಯೂ ಕೆಡುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಡಿಸ್ಟಿಲರಿಗಳನ್ನು ಅತಿ ಹೆಚ್ಚು ಮಾಲಿನ್ಯಕಾರಕವಾದ 17 ಕೈಗಾರಿಕಾ ವರ್ಗಗಳಲ್ಲಿ ಸೇರಿಸಿದೆ. ತ್ಯಾಜ್ಯದ್ರವವನ್ನು ಹೊರಬಿಡದೆ ಸಂಸ್ಕರಿಸುವ ಶೂನ್ಯ ವಿಸರ್ಜನೆಯ ಕ್ರಮವನ್ನು ಅವು ಪಾಲಿಸಬೇಕಾಗಿದೆ. ದ್ರವವನ್ನು ಆವಿಗೊಳಿಸಿ ಗಟ್ಟಿ ಮಾಡಿ ಬಾಯ್ಲರ್‌ನಲ್ಲಿ ಉರಿಸಿದರೆ ಉಳಿಯುವ ಬೂದಿಯಲ್ಲಿ ಪೊಟ್ಯಾಷ್ ಇರುತ್ತದೆ. ಪೊಟ್ಯಾಷ್ ಗೊಬ್ಬರವನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಇದು ಉಪಯುಕ್ತ ಉಪಉತ್ಪನ್ನ.

2021ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಮಿಶ್ರಣ ಕಾರ್ಯಕ್ರಮಕ್ಕೆಂದೇ ಎಥೆನಾಲ್ ತಯಾರಿಸುವ ಕೆಲವು ಯೋಜನೆಗಳನ್ನು ‘ಬಿ2’ ವರ್ಗದಲ್ಲಿ ಪರಿಗಣಿಸಲು ಅವಕಾಶ ನೀಡಿತು. ಈ ವರ್ಗದ ಯೋಜನೆಗಳಿಗೆ ಪೂರ್ಣ ಪರಿಸರ ಪರಿಣಾಮ ವರದಿಯಾಗಲಿ ಸಾರ್ವಜನಿಕ ಅಹವಾಲು ಸಭೆಯಾಗಲಿ ಬೇಕಿಲ್ಲ. ಇದರಿಂದ ಅನುಮತಿ ಬೇಗ ದೊರೆಯುತ್ತದೆ. ಘಟಕದ ಸುತ್ತಲಿನ ಹಳ್ಳಿಗಳ ಜನರಿಗೆ ತಮ್ಮ ಮಾತು ಹೇಳುವ ಅವಕಾಶ ಕಡಿಮೆಯಾಗುತ್ತದೆ.

ಆಹಾರ ಮತ್ತು ಇಂಧನದ ಸ್ಪರ್ಧೆ

ಆಹಾರ ಬೆಳೆಯಿಂದ ಇಂಧನ ತಯಾರಿಸುವ ವ್ಯವಸ್ಥೆಯು ಮಳೆ ಕೈಕೊಟ್ಟ ವರ್ಷದಲ್ಲಿ ಬಿಕ್ಕಟ್ಟಿಗೆ ಸಿಲುಕುತ್ತದೆ. 2023ರ ಜುಲೈನಲ್ಲಿ ಭಾರತೀಯ ಆಹಾರ ನಿಗಮದ ಅಕ್ಕಿಯನ್ನು ಎಥೆನಾಲ್‌ಗೆ ಕೊಡುವುದನ್ನು ನಿಲ್ಲಿಸಲಾಯಿತು. ದುರ್ಬಲ ಮುಂಗಾರಿನಿಂದ ಸಕ್ಕರೆ ಉತ್ಪಾದನೆ ಕುಸಿಯುವ ಅಂದಾಜಿನ ಮೇಲೆ ಅದೇ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನ ಬಳಕೆಗೆ ನಿರ್ಬಂಧ ಹೇರಲಾಯಿತು. ಕೆಲವೇ ದಿನಗಳಲ್ಲಿ ಅದನ್ನು ಭಾಗಶಃ ಸಡಿಲಿಸಲಾಯಿತು. 2024ರ ಆಗಸ್ಟ್‌ನಲ್ಲಿ ಎರಡೂ ನಿರ್ಬಂಧಗಳು ತೆರವಾದವು. ಈ ನಡುವೆ ಡಿಸ್ಟಿಲರಿಗಳು ಮೆಕ್ಕೆಜೋಳದತ್ತ ತಿರುಗಿದವು. 2023–24ರಲ್ಲಿ ಎಥೆನಾಲ್‌ನ ಅತಿ ದೊಡ್ಡ ಕಚ್ಚಾವಸ್ತು ಮೆಕ್ಕೆಜೋಳವೇ ಆಯಿತು. ಅದನ್ನು ರಫ್ತು ಮಾಡುತ್ತಿದ್ದ ಭಾರತ 2024ರಲ್ಲಿ ಆಮದು ಮಾಡಿಕೊಳ್ಳತೊಡಗಿತು. ಕೋಳಿ ಆಹಾರಕ್ಕೆ ಅದನ್ನೇ ನೆಚ್ಚಿದ್ದ ಕುಕ್ಕುಟೋದ್ಯಮಕ್ಕೆ ಬೆಲೆಯ ಬಿಸಿ ತಟ್ಟಿತು. ಬೆಲೆ ಏರಿಕೆಯಿಂದ ಬೆಳೆಗಾರರಿಗೆ ಲಾಭವಾಗುತ್ತದೆ ಎಂಬುದೂ ನಿಜ. ಧಾನ್ಯದ ಡಿಸ್ಟಿಲರಿಗಳಲ್ಲಿ ಉಳಿಯುವ ಪ್ರೋಟೀನ್‌ಯುಕ್ತ ಹಿಂಡಿ ಪಶು ಮತ್ತು ಕೋಳಿ ಆಹಾರವಾಗಿ ಮರಳಿ ಮಾರುಕಟ್ಟೆಗೆ ಬರುತ್ತದೆ.

ಜತ್ರೋಫಾ ಮತ್ತು ಹೊಂಗೆ

ಆಹಾರದೊಂದಿಗೆ ಸ್ಪರ್ಧಿಸದ ಇಂಧನಕ್ಕಾಗಿ ಭಾರತ ನಡೆಸಿದ ದೊಡ್ಡ ಪ್ರಯೋಗ ಜತ್ರೋಫಾ ಗಿಡದ್ದು. ಯೋಜನಾ ಆಯೋಗದ ಸಮಿತಿಯೊಂದು 2003ರಲ್ಲಿ, ಸುಮಾರು 134 ಲಕ್ಷ ಹೆಕ್ಟೇರ್ ಭೂಮಿ ಜತ್ರೋಫಾಕ್ಕೆ ಒದಗಬಹುದೆಂದು ಗುರುತಿಸಿ, 2011–12ರ ವೇಳೆಗೆ ಡೀಸೆಲ್‌ಗೆ ಶೇ 20ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿಯನ್ನು ಸೂಚಿಸಿತು. ಗುರಿ ಈಡೇರಲಿಲ್ಲ. ಗಿಡವು ಬರಡು ನೆಲದಲ್ಲಿ ಬದುಕುತ್ತದೆ ಎಂಬುದು ನಿಜವಾದರೂ ನೀರು, ಗೊಬ್ಬರಗಳಿಲ್ಲದೆ ಲಾಭದಾಯಕವಾಗಿ ಕಾಯಿ ಬಿಡುವುದಿಲ್ಲ ಎಂಬುದು ತಡವಾಗಿ ತಿಳಿಯಿತು. ದಾಖಲೆಗಳಲ್ಲಿ ‘ಪಾಳುಭೂಮಿ’ ಎನಿಸಿದ್ದ ಜಾಗಗಳಲ್ಲಿ ಅನೇಕವು ವಾಸ್ತವವಾಗಿ ದನಕುರಿಗಳ ಮೇವಿಗೂ ಬಡವರ ಸೌದೆಗೂ ಆಸರೆಯಾಗಿದ್ದ ಗೋಮಾಳಗಳಾಗಿದ್ದವು.

ಕರ್ನಾಟಕದಲ್ಲಿ ಒತ್ತು ದೊರೆತದ್ದು ಹೊಂಗೆ, ಬೇವು, ಹಿಪ್ಪೆ ಮೊದಲಾದ ಸ್ಥಳೀಯ ಮರಗಳಿಗೆ. ಹೊಂಗೆ ಎಣ್ಣೆಯನ್ನು ದೀಪಕ್ಕೂ ಹೊಂಗೆ ಸೊಪ್ಪನ್ನು ಗದ್ದೆಗೆ ಹಸಿರೆಲೆ ಗೊಬ್ಬರವಾಗಿಯೂ ಬಳಸುವ ರೂಢಿ ಇಲ್ಲಿ ಹಿಂದಿನಿಂದಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್‌ಗಳನ್ನು ನಡೆಸಿ ಹಳ್ಳಿಗೆ ವಿದ್ಯುತ್ ಒದಗಿಸುವ ಪ್ರಯೋಗಗಳನ್ನು ಕೈಗೊಂಡರು. ರಾಜ್ಯ ಸರ್ಕಾರವು 2009ರಲ್ಲಿ ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನವಿದೆ.

ಹೊಲದ ಬದು ಮತ್ತು ರಸ್ತೆ ಬದಿಯಲ್ಲಿ ಬೆಳೆಯುವ ಹೊಂಗೆ ಪ್ರತ್ಯೇಕ ಜಮೀನನ್ನಾಗಲಿ ನೀರಾವರಿಯನ್ನಾಗಲಿ ಬೇಡುವುದಿಲ್ಲ. ದ್ವಿದಳ ಜಾತಿಯ ಮರವಾದ್ದರಿಂದ ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಎಣ್ಣೆ ತೆಗೆದ ಹಿಂಡಿ ಒಳ್ಳೆಯ ಗೊಬ್ಬರ. ಆದರೆ ಮರ ಫಲ ಕೊಡಲು ಹಲವು ವರ್ಷ ಕಾಯಬೇಕು. ಚದುರಿದ ಮರಗಳಿಂದ ಕಾಯಿ ಆಯಲು, ಸುಲಿಯಲು ಕೂಲಿ ಹೆಚ್ಚು ಬೀಳುತ್ತದೆ. ಹೀಗಾಗಿ ಉತ್ಪಾದನೆಯ ಪ್ರಮಾಣ ಸಣ್ಣದಾಗಿಯೇ ಉಳಿದಿದೆ. ಪರಿಸರಕ್ಕೆ ಅತಿ ಕಡಿಮೆ ಹೊರೆಯಾಗುವ ಜೈವಿಕ ಇಂಧನಗಳು ದೊಡ್ಡ ಪ್ರಮಾಣದಲ್ಲಿ ದೊರೆಯುವುದು ಕಷ್ಟ ಎಂಬುದಕ್ಕೆ ಹೊಂಗೆ ಒಂದು ನಿದರ್ಶನ.

ಇತರ ದೇಶಗಳ ಅನುಭವ

ಬ್ರೆಜಿಲ್ 1975ರಲ್ಲಿ ‘ಪ್ರೊಆಲ್ಕೂಲ್’ ಎಂಬ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಕಬ್ಬಿನ ಎಥೆನಾಲನ್ನು ವ್ಯಾಪಕವಾಗಿ ಬಳಕೆಗೆ ತಂದಿತು. ಅಲ್ಲಿನ ಎಥೆನಾಲ್ ತಯಾರಿಕೆಗೆ ಖರ್ಚಾಗುವ ಪಳೆಯುಳಿಕೆ ಶಕ್ತಿಯ ಸುಮಾರು ಎಂಟು ಪಟ್ಟು ಶಕ್ತಿ ದೊರೆಯುತ್ತದೆ ಎಂದು ಅಂದಾಜಿಸಲಾಗಿದೆ. ಕೊಯ್ಲಿಗೆ ಮುನ್ನ ಕಬ್ಬಿನ ಗರಿಯನ್ನು ಸುಡುವುದರಿಂದ ಆಗುತ್ತಿದ್ದ ವಾಯುಮಾಲಿನ್ಯವನ್ನು ತಡೆಯಲು ಸಾವೊ ಪಾವ್ಲೊ ರಾಜ್ಯವು 2002ರಲ್ಲಿ ಕಾನೂನು ಮಾಡಿತು.

ಅಮೆರಿಕದ 2007ರ ಕಾನೂನು, ಹೊಸ ಘಟಕಗಳ ಜೈವಿಕ ಇಂಧನವು ಪೆಟ್ರೋಲಿಗಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಹಸಿರುಮನೆ ಅನಿಲ ಸೂಸಬೇಕು, ಸೆಲ್ಯುಲೋಸ್ ಮೂಲದ್ದಾದರೆ ಶೇ 60ರಷ್ಟು ಕಡಿಮೆ ಸೂಸಬೇಕು ಎಂದು ವಿಧಿಸಿತು. ಅಲ್ಲಿನ ಮೆಕ್ಕೆಜೋಳದ ಎಥೆನಾಲ್ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ 2021ರ ಅಧ್ಯಯನ ಅದು ಪೆಟ್ರೋಲಿಗಿಂತ ಶೇ 44–52ರಷ್ಟು ಉತ್ತಮ ಎಂದರೆ, ಟೈಲರ್ ಲಾರ್ಕ್ ಮತ್ತು ಸಂಗಡಿಗರ 2022ರ ಅಧ್ಯಯನ ಹುಲ್ಲುಗಾವಲುಗಳು ಹೊಲಗಳಾದ ಪರಿಣಾಮವನ್ನೂ ಸೇರಿಸಿ ಅದು ಪೆಟ್ರೋಲಿಗಿಂತ ಕನಿಷ್ಠ ಶೇ 24ರಷ್ಟು ಹೆಚ್ಚು ಇಂಗಾಲ ಸೂಸುವ ಸಾಧ್ಯತೆಯಿದೆ ಎಂದಿತು. ಭೂಬಳಕೆಯ ಬದಲಾವಣೆಯನ್ನು ಹೇಗೆ ಲೆಕ್ಕ ಹಾಕಲಾಯಿತು ಎಂಬುದು ಈ ಅಂತರಕ್ಕೆ ಮುಖ್ಯ ಕಾರಣ.

ಐರೋಪ್ಯ ಒಕ್ಕೂಟವು ಆಹಾರ ಬೆಳೆಗಳಿಂದ ತಯಾರಿಸಿದ ಇಂಧನಕ್ಕೆ ಸಾರಿಗೆ ಶಕ್ತಿಯಲ್ಲಿ ಶೇ 7ರ ಮಿತಿ ಹಾಕಿದೆ. ಕಾಡುನಾಶದ ಅಪಾಯ ಹೆಚ್ಚಿರುವ ಕಚ್ಚಾವಸ್ತುಗಳ ಬಳಕೆಯನ್ನು 2030ರೊಳಗೆ ಕೊನೆಗಾಣಿಸಲು ಅದು ನಿರ್ಧರಿಸಿದ್ದು, ತಾಳೆ ಎಣ್ಣೆಯನ್ನು ಈ ಪಟ್ಟಿಯಲ್ಲಿ ಸೇರಿಸಿದೆ.

ಒಟ್ಟಾರೆ ಮೌಲ್ಯಮಾಪನ

ಲಭ್ಯ ಅಧ್ಯಯನಗಳಿಂದ ಕಚ್ಚಾವಸ್ತುಗಳ ಸ್ಥೂಲವಾದ ಶ್ರೇಣಿಯೊಂದನ್ನು ಗುರುತಿಸಬಹುದು. ಸಗಣಿ, ಹಸಿಕಸ, ಬಳಸಿದ ಎಣ್ಣೆ, ಸುಟ್ಟುಹೋಗುತ್ತಿದ್ದ ಬೆಳೆಯುಳಿಕೆ ಮತ್ತು ಸಿ-ಹೆವಿ ಕಾಕಂಬಿಯಿಂದ ತಯಾರಾದ ಇಂಧನಗಳ ಪರಿಸರ ಲಾಭ ಸ್ಪಷ್ಟವಾಗಿದೆ. ಇವುಗಳ ಕೊರತೆಯೆಂದರೆ ಪ್ರಮಾಣ ಸೀಮಿತವಾಗಿರುವುದು. ಕಬ್ಬಿನ ಹಾಲಿನ ಎಥೆನಾಲ್ ಇಂಗಾಲದ ಲೆಕ್ಕದಲ್ಲಿ ಉತ್ತಮ, ನೀರಿನ ಲೆಕ್ಕದಲ್ಲಿ ದುಬಾರಿ. ಮೆಕ್ಕೆಜೋಳದ ಎಥೆನಾಲ್ ನೀರಿನಲ್ಲಿ ಮಿತವ್ಯಯಿ. ಭೂಮಿ, ಗೊಬ್ಬರ ಮತ್ತು ಬಾಯ್ಲರ್ ಇಂಧನಗಳಲ್ಲಿ ಅದರ ಹೊರೆಯಿದೆ. ಮಾನವರು ತಿನ್ನಬಹುದಾದ ಅಕ್ಕಿಯಲ್ಲಿ ನೀರಿನ ವೆಚ್ಚವೂ ಆಹಾರದ ಪ್ರಶ್ನೆಯೂ ಕೂಡಿಕೊಂಡಿವೆ. ಕಾಡು ಕಡಿದು ಬೆಳೆದ ಇಂಧನವು ಪೆಟ್ರೋಲಿಗಿಂತಲೂ ಕೆಟ್ಟದ್ದು.

2018ರ ರಾಷ್ಟ್ರೀಯ ನೀತಿಯು ಹೆಚ್ಚುವರಿ ಧಾನ್ಯವನ್ನು ಇಂಧನಕ್ಕೆ ಬಳಸಲು ರಾಷ್ಟ್ರೀಯ ಜೈವಿಕ ಇಂಧನ ಸಮನ್ವಯ ಸಮಿತಿಯ ಒಪ್ಪಿಗೆಯನ್ನು ಅಗತ್ಯಗೊಳಿಸಿದೆ. ತ್ಯಾಜ್ಯ ಮತ್ತು ಬೆಳೆಯುಳಿಕೆ ಮೂಲದ ಇಂಧನಗಳಿಗೆ ಉತ್ತೇಜನ ನೀಡಿದೆ. ಆದರೆ ಪೆಟ್ರೋಲ್ ಬಂಕಿನಲ್ಲಿ ಕಾಣುವ ಶೇಕಡಾವಾರು ಮಿಶ್ರಣದ ಅಂಕಿಯು ಆ ಎಥೆನಾಲ್ ಕಾಕಂಬಿಯದ್ದೋ ಕಬ್ಬಿನದ್ದೋ ಅಕ್ಕಿಯದ್ದೋ ಎಂಬುದನ್ನು ತಿಳಿಸುವುದಿಲ್ಲ. ಮಿಶ್ರಣದ ಪ್ರಮಾಣ ಏರಿದಂತೆ ತ್ಯಾಜ್ಯಮೂಲದ ಪಾಲು ಸಾಲದೆ ಬೆಳೆಮೂಲದ ಪಾಲು ಹೆಚ್ಚುತ್ತದೆ. ಆದ್ದರಿಂದ ಜೈವಿಕ ಇಂಧನದ ಪರಿಸರ ಮೌಲ್ಯವನ್ನು ಅಳೆಯಲು ಎಷ್ಟು ಲೀಟರ್ ಬೆರೆಸಲಾಯಿತು ಎಂಬುದರ ಜೊತೆಗೆ, ಪ್ರತಿ ಲೀಟರಿಗೆ ಎಷ್ಟು ನೀರು, ಎಷ್ಟು ನೆಲ ಮತ್ತು ಎಷ್ಟು ಇಂಗಾಲ ವೆಚ್ಚವಾಯಿತು ಎಂಬ ಲೆಕ್ಕವೂ ಅಗತ್ಯವಾಗಿದೆ.